ಹಿತ್ತಿಲ ಮದ್ದು: ಒಂದು ಅರಿವಿನ ಪರಂಪರೆ

‘ಹಿತ್ತಿಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಸಮೀಪದಲ್ಲಿರುವುದಕ್ಕೆ ಬೆಲೆಯಿಲ್ಲ, ದೂರದಿಂದ ಬಂದುದಕ್ಕೆ ಮನ್ನಣೆ ಎಂಬ ಲೋಕರೂಢಿಯನ್ನು ಕಂಡು ನೊಂದ ಹಿರಿಯರು ಆಡಿದ ಮಾತಿದು. ಗಾದೆಯ ಈ ಧ್ವನ್ಯರ್ಥವನ್ನು ಮಾತ್ರ ಹಿಡಿದು ವಾಚ್ಯಾರ್ಥವನ್ನು ಬಿಟ್ಟುಬಿಟ್ಟರೆ ಒಂದು ಐತಿಹಾಸಿಕ ಸಂಗತಿ ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ. ಹಿತ್ತಿಲಲ್ಲಿ ಮದ್ದಿನ ಗಿಡವಿರುವುದು ಸರ್ವಸಾಮಾನ್ಯವಾಗಿದ್ದ ಕಾಲದಲ್ಲಿ ಮಾತ್ರ ಇಂಥ ಗಾದೆ ಹುಟ್ಟಲು ಸಾಧ್ಯ. ಗಿಡವಿದ್ದುದರಿಂದಲೇ ಅದರ ಕಡೆಗಣನೆಯ ಮಾತು ಬಂದಿತು. ಇಂದು ಗಾದೆ ಉಳಿದಿದೆ, ಹಿತ್ತಿಲು ಉಳಿದಿಲ್ಲ. ಹಿತ್ತಿಲು ಉಳಿದ ಕಡೆಯಲ್ಲಿಯೂ ಗಿಡದ ಹೆಸರನ್ನು ಹೇಳಬಲ್ಲವರು ವಿರಳರಾಗುತ್ತಿದ್ದಾರೆ. ಆದುದರಿಂದ ಕನ್ನಡ ನಾಡಿನ ಮನೆಯ ಮೂಲಿಕಾತೋಟವು ಹೇಗೆ ರೂಪುಗೊಂಡಿತು, ಶಾಸ್ತ್ರಕಾರರೂ ಶರಣರೂ ಅದನ್ನು ಯಾವ ದೃಷ್ಟಿಯಿಂದ ಕಂಡರು, ಅದು ಮತ್ತೆ ಚಿಗುರಬೇಕಾದರೆ ಮೊದಲು ಬೇಕಾದುದು ಯಾವುದು ಎಂಬುದನ್ನು ವಿಚಾರಿಸುವುದು ಉಚಿತ.

ಶಾಸ್ತ್ರಗ್ರಂಥಗಳಲ್ಲಿ ಗಿಡ ಮತ್ತು ಮನೆ

ಕನ್ನಡದಲ್ಲಿ ಗೃಹಸ್ಥನಿಗೆ ಬೇಕಾದ ತಿಳಿವಳಿಕೆಯನ್ನೆಲ್ಲ ಒಂದೆಡೆ ಕೂಡಿಸಿಟ್ಟ ಪ್ರಾಚೀನ ಗ್ರಂಥ ಎರಡನೆಯ ಚಾವುಂಡರಾಯನ ‘ಲೋಕೋಪಕಾರಂ’. ಕಲ್ಯಾಣದ ಚಾಲುಕ್ಯ ಅರಸು ಎರಡನೆಯ ಜಯಸಿಂಹನ ಕಾಲದಲ್ಲಿ, ಕ್ರಿ.ಶ. ಸುಮಾರು 1025ರಲ್ಲಿ ರಚಿತವಾದ ಈ ಕೃತಿಯಲ್ಲಿ ಜ್ಯೋತಿಷ, ವಾಸ್ತು, ಅಂತರ್ಜಲವನ್ನು ಗುರುತಿಸುವ ವಿಧಾನ, ವೃಕ್ಷಾಯುರ್ವೇದ, ಸುಗಂಧದ್ರವ್ಯಗಳ ತಯಾರಿಕೆ, ಪಾಕಶಾಸ್ತ್ರ, ಮನುಷ್ಯರ ಹಾಗೂ ಪಶುಗಳ ಚಿಕಿತ್ಸೆ, ವಿಷವೈದ್ಯ ಮೊದಲಾದ ವಿಷಯಗಳು ಬರುತ್ತವೆ. ಇಂದಿನ ವಿದ್ಯಾರ್ಥಿಗೆ ಇವು ಪರಸ್ಪರ ಸಂಬಂಧವಿಲ್ಲದ ವಿಷಯಗಳಾಗಿ ತೋರಬಹುದು. ಆದರೆ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಂಡರೆ ಇವುಗಳ ಸಂಬಂಧ ತಾನಾಗಿ ಸ್ಪಷ್ಟವಾಗುತ್ತದೆ. ಬಾವಿ ತೋಡಲು ನೀರಿನ ಸೆಲೆಯನ್ನು ತಿಳಿಯಬೇಕು. ಬಾವಿಯ ನೀರಿನಿಂದ ಗಿಡ ಬೆಳೆಸಬೇಕು. ಗಿಡ ಬೆಳೆದರೆ ಅಡುಗೆಗೆ ಸೊಪ್ಪು, ಪೂಜೆಗೆ ಹೂವು, ರೋಗಕ್ಕೆ ಮದ್ದು. ಗ್ರಂಥಕಾರನು ಲೋಕಕ್ಕೆ ಉಪಕಾರವೆಂದು ಕರೆದುದು ಈ ಸಂಸಾರಜ್ಞಾನವನ್ನೇ. ವೃಕ್ಷಕ್ಕೂ ಆಯುರ್ವೇದವಿದೆ, ಅದಕ್ಕೂ ರೋಗವುಂಟು, ಪಥ್ಯವುಂಟು, ಚಿಕಿತ್ಸೆಯುಂಟು ಎಂಬ ಭಾವನೆ ಇಲ್ಲಿ ಗಮನಾರ್ಹವಾದುದು. ಮದ್ದು ಕೊಡುವ ಗಿಡಕ್ಕೆ ಮೊದಲು ತಾನು ಆರೋಗ್ಯದಿಂದಿರುವ ಹಕ್ಕುಂಟೆಂದು ಈ ಶಾಸ್ತ್ರವು ಪರೋಕ್ಷವಾಗಿ ಸಾರುತ್ತದೆ.

ಇದರ ಮುಂದಿನ ಶತಮಾನದಲ್ಲಿ ಇನ್ನೆರಡು ಕೃತಿಗಳು ಹುಟ್ಟಿದವು. ಸುಮಾರು 1125ರಲ್ಲಿ ಚಾಲುಕ್ಯ ರಾಜವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂಬ ಹೆಸರಿನಲ್ಲಿ ಕನ್ನಡಕ್ಕೆ ತಂದನು. ಮದ್ಯ, ಮಾಂಸ, ಮಧುಗಳನ್ನು ಔಷಧಗಳಿಂದ ದೂರವಿರಿಸಿದ್ದು ಈ ಜೈನ ವೈದ್ಯಪರಂಪರೆಯ ವೈಶಿಷ್ಟ್ಯ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿದ ಉಗ್ರಾದಿತ್ಯನೂ ಇದೇ ನಿಲುವಿನವನು. ಪ್ರಾಣಿಜನ್ಯವಾದ ದ್ರವ್ಯಗಳು ಬಿಟ್ಟುಹೋದಂತೆ ಬೇರು, ತೊಗಟೆ, ಎಲೆ, ಹೂವು, ಕಾಯಿಗಳ ಪಾತ್ರ ಹಿರಿದಾಗುವುದು ಸಹಜ. ಅಹಿಂಸೆಯ ಧರ್ಮವು ವೈದ್ಯನನ್ನು ಗಿಡದ ಕಡೆಗೆ ಹೆಚ್ಚು ಹೆಚ್ಚಾಗಿ ತಿರುಗಿಸಿತೆಂಬುದಕ್ಕೆ ಇದು ನಿದರ್ಶನ.

ಬಳ್ಳಿಗಾವೆಯ ಮಠ ಮತ್ತು ವೈದ್ಯ ಸಂಗಣ್ಣ

ಗ್ರಂಥಗಳಲ್ಲಿದ್ದ ವಿದ್ಯೆ ಜನರ ಬಳಿಗೆ ಹೇಗೆ ತಲುಪಿತು ಎಂಬ ಪ್ರಶ್ನೆಗೆ ಶಾಸನವೊಂದು ಉತ್ತರ ಕೊಡುತ್ತದೆ. ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಸೇರಿದ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಹೊಂದಿಕೊಂಡಿದ್ದ ಕೋಡಿಯಮಠವನ್ನು 1162ರ ಶಾಸನವು ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನ, ಪುರಾಣಗಳ ವ್ಯಾಸಂಗಕ್ಕೆ ಅದು ನೆಲೆಯಾಗಿತ್ತು. ದೀನರು, ಅನಾಥರು, ಕುರುಡರು, ಕುಂಟರು ಅಲ್ಲಿ ಉಣ್ಣುತ್ತಿದ್ದರು. ಪರಮತದ ಸಂನ್ಯಾಸಿಗಳಿಗೂ ಅಲ್ಲಿ ಅನ್ನವಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಮದ್ದು ಕೊಡುವ ಸ್ಥಾನವೆಂದೂ ಶಾಸನವು ಅದನ್ನು ಕೊಂಡಾಡುತ್ತದೆ. ಓದು, ಊಟ, ಔಷಧ ಈ ಮೂರೂ ಒಂದೇ ಆವರಣದಲ್ಲಿದ್ದುವೆಂಬುದು ಇಲ್ಲಿ ಮುಖ್ಯವಾದ ಸಂಗತಿ. ಕೋಡಿಯಮಠವು ಕಾಲಾಮುಖ ಶೈವರದು. ಇಂಥ ಮಠಗಳಲ್ಲಿ ಹಲವು ಮುಂದೆ ವೀರಶೈವ ಮಠಗಳಾಗಿ ಮಾರ್ಪಟ್ಟುವೆಂಬುದು ವಿದ್ವಾಂಸರ ಅಭಿಪ್ರಾಯ.

ಈ ಶಾಸನದ ಕಾಲವನ್ನು ವಚನ ಸಾಹಿತ್ಯದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಅದು ಬಿಜ್ಜಳನ ಆಳ್ವಿಕೆಯ ಕಾಲ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆ ತುಂಬಿ ತುಳುಕುತ್ತಿದ್ದ ಕಾಲ. ಆ ಶರಣ ಸಮೂಹದಲ್ಲಿ ವೈದ್ಯವೃತ್ತಿಯವರೊಬ್ಬರೂ ಇದ್ದರು. ಅವರೇ ವೈದ್ಯ ಸಂಗಣ್ಣನವರು. ‘ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ಅವರ ಕೆಲವೇ ವಚನಗಳು ದೊರೆತಿವೆ. ಆ ವಚನಗಳಲ್ಲಿ ರೋಗ, ಔಷಧ, ಪಥ್ಯಗಳ ಪರಿಭಾಷೆಯೇ ಆಧ್ಯಾತ್ಮದ ಪರಿಭಾಷೆಯಾಗಿ ಪರಿಣಮಿಸಿದೆ. ಒಡಲ ರೋಗವನ್ನು ಬಲ್ಲವನು ಭವರೋಗವನ್ನು ಕುರಿತು ಮಾತನಾಡುವಾಗ ಆ ಮಾತಿಗೆ ಬರುವ ತೂಕವೇ ಬೇರೆ. ಶಿವನನ್ನು ಭವರೋಗದ ವೈದ್ಯನೆಂದು ಕರೆಯುವುದು ವಚನಗಳಲ್ಲಿ ಅಲ್ಲಲ್ಲಿ ಕಂಡುಬರುತ್ತದೆ. ಆದರೆ ವೃತ್ತಿಯಿಂದಲೇ ವೈದ್ಯರಾದವರೊಬ್ಬರು ಅನುಭಾವಿಗಳ ಸಾಲಿನಲ್ಲಿ ಕುಳಿತದ್ದು ಕಾಯಕತತ್ತ್ವದ ಫಲ. ಬೇರು ತೇಯುವ ಕೈಯೂ ಲಿಂಗವನ್ನು ಹಿಡಿದ ಕೈಯೂ ಒಂದೇ ಎಂದು ಕಲ್ಯಾಣವು ಒಪ್ಪಿಕೊಂಡಿತು.

ಶರಣರ ದೃಷ್ಟಿಯಲ್ಲಿ ತೋಟ

ಮರ ಕಂಡಲ್ಲಿ ಸುತ್ತುವ, ನೀರು ಕಂಡಲ್ಲಿ ಮುಳುಗುವ ಮೂಢಾಚಾರವನ್ನು ಬಸವಣ್ಣನವರು ಟೀಕಿಸಿದುದು ಸುಪ್ರಸಿದ್ಧ. ಇದನ್ನು ಕಂಡು ಶರಣರಿಗೆ ಗಿಡಮರಗಳಲ್ಲಿ ಆದರವಿರಲಿಲ್ಲವೆಂದು ಯಾರಾದರೂ ತರ್ಕಿಸಿದರೆ ಅದು ತಪ್ಪಾಗುತ್ತದೆ. ಗಿಡವನ್ನು ದೇವರಾಗಿಸಿ ಅದಕ್ಕೆ ಹರಕೆ ಹೊರುವುದನ್ನು ಅವರು ಒಲ್ಲರು. ಗಿಡವನ್ನು ಅರಿತು, ಬೆಳೆಸಿ, ಹಂಚಿ ಬಾಳುವುದಕ್ಕೆ ಅವರ ಧರ್ಮದಲ್ಲಿ ಹಿರಿದಾದ ಎಡೆಯುಂಟು. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದ್ದು ಇಂಥ ಧರ್ಮಕಾರ್ಯಕ್ಕೆ ಸಾಕ್ಷಿ. ಅಲ್ಲಮಪ್ರಭುಗಳು ದೇಹವನ್ನೇ ತೋಟವೆಂದು ಭಾವಿಸಿ ಸಾಧನೆಯ ಕ್ರಮವನ್ನು ಬೇಸಾಯದ ಮಾತುಗಳಲ್ಲಿ ನಿರೂಪಿಸಿದ ವಚನವನ್ನು ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಬಲ್ಲರು. ಹದಿನೈದನೆಯ ಶತಮಾನದಲ್ಲಿ ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ತೋಟಿಗ ಗೊಗ್ಗಯ್ಯನ ಪ್ರಸಂಗವನ್ನು ಹೇಳುವಾಗ ಇದೇ ಭಾವವನ್ನು ಕಥೆಯಾಗಿ ಬೆಳೆಸಿದನು. ಹೊರಗಿನ ತೋಟವನ್ನು ಅಗೆಯುತ್ತಿದ್ದವನಿಗೆ ಒಳಗಿನ ತೋಟದ ಉಪದೇಶ ದೊರೆಯಿತು. ಈ ರೂಪಕವು ಕೇಳುಗರ ಮನಸ್ಸನ್ನು ಮುಟ್ಟಬೇಕಾದರೆ ಪಾತಿ ಮಾಡುವುದು, ಕಳೆ ಕೀಳುವುದು, ನೀರು ಹಾಯಿಸುವುದು ಅವರಿಗೆ ನಿತ್ಯದ ಅನುಭವವಾಗಿರಬೇಕು. ಕನ್ನಡದ ಅನುಭಾವಸಾಹಿತ್ಯದ ಹಿಂದೆ ಒಂದು ಜೀವಂತವಾದ ಹಿತ್ತಿಲಿತ್ತು.

ಲಿಂಗಪೂಜೆಗೆ ಬೇಕಾದ ಪತ್ರೆ ಪುಷ್ಪಗಳೂ ಈ ಹಿತ್ತಿಲನ್ನು ಪೋಷಿಸಿದುವು. ಶಿವನಿಗೆ ಪ್ರಿಯವೆಂದು ಪರಂಪರೆಯು ಹೇಳುವ ಗಿಡಗಳನ್ನು ಒಂದೊಂದಾಗಿ ನೋಡಿದರೆ ಅವುಗಳಲ್ಲಿ ಹೆಚ್ಚಿನವು ವೈದ್ಯನ ಪಟ್ಟಿಯಲ್ಲಿಯೂ ಇರುವುದು ಕಾಣುತ್ತದೆ. ಬಿಲ್ವದ ಬೇರು ದಶಮೂಲಗಳಲ್ಲಿ ಒಂದು. ಅದರ ಎಳೆಗಾಯಿ ಅತಿಸಾರಕ್ಕೆ ಹೇಳಿದ ಮದ್ದು. ತುಂಬೆಯು ನೆಗಡಿ ಕೆಮ್ಮುಗಳಿಗೆ ಹಳ್ಳಿಗರು ನಂಬಿದ ಗಿಡ. ಎಕ್ಕ ಮತ್ತು ಉಮ್ಮತ್ತಿಗಳು ವಿಷವುಳ್ಳವು. ಆದರೂ ಬಲ್ಲ ವೈದ್ಯನ ಕೈಯಲ್ಲಿ ಅವು ಔಷಧ. ಹೀಗೆ ಬೆಳಗಿನಲ್ಲಿ ಪತ್ರೆ ಎತ್ತಲು ಹೋದ ಮಗು ತನಗರಿವಿಲ್ಲದೆಯೇ ಗಿಡದ ಗುರುತನ್ನು ಕಲಿಯುತ್ತಿತ್ತು. ಯಾವುದನ್ನು ಮುಟ್ಟಬಹುದು, ಯಾವುದರ ಹಾಲು ಕಣ್ಣಿಗೆ ಬೀಳಬಾರದು, ಯಾವ ಬೀಜವನ್ನು ಬಾಯಿಗಿಡಬಾರದು ಎಂಬ ಪಾಠ ಪೂಜೆಯ ನೆಪದಲ್ಲಿ ನಡೆಯುತ್ತಿತ್ತು.

ಎಷ್ಟು ಕೀಳಬೇಕೆಂಬುದಕ್ಕೂ ಶರಣರ ನಡೆಯಲ್ಲಿ ಉತ್ತರವಿದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಅಂದಿನ ಅಗತ್ಯಕ್ಕೆ ಮೀರಿದುದು ಆಸೆಯೆಂಬುದು ಆಕೆಯ ನಿಲುವು. ಅಮೃತಬಳ್ಳಿಯ ಒಂದು ಗೇಣು ಸಾಕಾದಲ್ಲಿ ಬಳ್ಳಿಯನ್ನೆಲ್ಲ ಎಳೆದು ತರುವವನಿಗೆ, ಬೇರಿನ ಒಂದು ತುಂಡು ಸಾಕಾದಲ್ಲಿ ಗಿಡವನ್ನೇ ಕಿತ್ತೊಯ್ಯುವವನಿಗೆ ಲಕ್ಕಮ್ಮನವರ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಕಾಡಿನಲ್ಲಿ ಮದ್ದಿನ ಗಿಡಗಳು ವ್ಯಾಪಾರಕ್ಕಾಗಿ ಬರಿದಾಗುತ್ತಿರುವ ಈ ದಿನಗಳಲ್ಲಿ ಮನೆಯಲ್ಲಿ ಒಂದು ಗಿಡವನ್ನು ಬೆಳೆಸುವುದು ಕಾಡಿನ ಒಂದು ಗಿಡವನ್ನು ಉಳಿಸಿದಂತೆ.

ಸ್ಥಾವರವಿಷ, ಜಂಗಮವಿಷ

ವಿಜಯನಗರದ ಆರಂಭಕಾಲದಲ್ಲಿ, ಸುಮಾರು 1360ರಲ್ಲಿ, ಒಂದನೆಯ ಮಂಗರಾಜನು ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು. ಪ್ರಾಚೀನ ವೈದ್ಯಶಾಸ್ತ್ರದಲ್ಲಿ ವಿಷವನ್ನು ಸ್ಥಾವರ, ಜಂಗಮ ಎಂದು ವಿಂಗಡಿಸುವುದು ವಾಡಿಕೆ. ಗಿಡ ಮತ್ತು ಖನಿಜಗಳಿಂದ ಬರುವುದು ಸ್ಥಾವರವಿಷ. ಹಾವು ಚೇಳು ಮೊದಲಾದ ಪ್ರಾಣಿಗಳಿಂದ ಬರುವುದು ಜಂಗಮವಿಷ. ವೀರಶೈವ ವಾಚಕರಿಗೆ ಈ ಎರಡು ಪದಗಳು ಬೇರೆಯೇ ಅರ್ಥದಲ್ಲಿ ಪರಿಚಿತವಾಗಿರುವುದರಿಂದ ಇಲ್ಲಿ ಅರ್ಥಭೇದವನ್ನು ಮನಗಾಣುವುದು ಅವಶ್ಯಕ. ಬಸವಣ್ಣನವರು ಕಟ್ಟಿ ನಿಲ್ಲಿಸಿದುದಕ್ಕಿಂತ ನಡೆದಾಡುವ ಚೈತನ್ಯಕ್ಕೆ ಹಿರಿಮೆಯನ್ನು ಕೊಟ್ಟರು. ವೈದ್ಯಶಾಸ್ತ್ರವು ಅವೇ ಪದಗಳನ್ನು ಅಚರ, ಚರ ಎಂಬ ಸರಳಾರ್ಥದಲ್ಲಿ ಬಳಸಿತು. ಮಂಗರಾಜನ ಗ್ರಂಥದಿಂದ ಮನೆಯ ತೋಟಕ್ಕೆ ದೊರೆಯುವ ಪಾಠವಾದರೂ ಸ್ಪಷ್ಟವಾಗಿದೆ: ಹಸುರಾದುದೆಲ್ಲವೂ ಹಿತವಲ್ಲ. ಗಿಡದಲ್ಲಿ ಮದ್ದಿರುವಂತೆ ವಿಷವೂ ಇದೆ; ಪ್ರಮಾಣ ತಪ್ಪಿದರೆ ಮದ್ದೇ ವಿಷವಾಗುತ್ತದೆ. ಹಾವು ಕಚ್ಚಿದಾಗ ಇಂದು ಹಿತ್ತಿಲ ಬೇರನ್ನು ಹುಡುಕುತ್ತ ಕಾಲಹರಣ ಮಾಡದೆ, ಪ್ರತಿವಿಷದ ಚುಚ್ಚುಮದ್ದಿರುವ ಆಸ್ಪತ್ರೆಗೆ ಕೂಡಲೇ ಒಯ್ಯುವುದೇ ವಿಹಿತ. ಹಳೆಯ ಗ್ರಂಥವನ್ನು ಗೌರವಿಸುವುದೆಂದರೆ ಅದರ ಎಚ್ಚರವನ್ನು ಉಳಿಸಿಕೊಳ್ಳುವುದು.

ವೀರಶೈವ ಅರಸುಮನೆತನದಿಂದಲೂ ಈ ವಿದ್ಯೆಗೆ ಆಶ್ರಯ ದೊರೆಯಿತು. ಕೆಳದಿಯನ್ನು 1697ರಿಂದ 1714ರವರೆಗೆ ಆಳಿದ ಬಸಪ್ಪನಾಯಕನು 1709ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಒಂಬತ್ತು ಕಲ್ಲೋಲಗಳಲ್ಲಿ, ನೂರೆಂಟು ತರಂಗಗಳಲ್ಲಿ ಹರಡಿಕೊಂಡಿರುವ ಈ ಮಹಾಕೃತಿಯಲ್ಲಿ ಶಿವತತ್ತ್ವ, ರಾಜನೀತಿ, ಇತಿಹಾಸಗಳ ಜೊತೆಯಲ್ಲಿ ವೈದ್ಯ, ಪಾಕ, ವೃಕ್ಷಗಳ ಪೋಷಣೆಯೂ ಸ್ಥಾನ ಪಡೆದಿವೆ. ಶಿವತತ್ತ್ವವನ್ನು ಹೇಳಹೊರಟ ಗ್ರಂಥದಲ್ಲಿ ಗಿಡಕ್ಕೂ ಅಡುಗೆಗೂ ಎಡೆ ದೊರೆತುದು ವಿಚಿತ್ರವಲ್ಲ. ಪ್ರಸಾದತತ್ತ್ವವನ್ನು ಒಪ್ಪಿದವರಿಗೆ ನೆಲ, ಬೆಳೆ, ಅಡುಗೆ, ಊಟ, ಆರೋಗ್ಯ ಇವು ಬೇರೆ ಬೇರೆಯಾದ ಲೋಕಗಳಲ್ಲ.

ಹಿತ್ತಿಲ ವಿನ್ಯಾಸ

ಅರಸರ ಉದ್ಯಾನಗಳಿಗೆ ಶಾಸ್ತ್ರವಿತ್ತು. ಬಡವರ ಹಿತ್ತಿಲಿಗೆ ಗೃಹಿಣಿಯ ಅನುಭವವೇ ಶಾಸ್ತ್ರ. ಆ ವಿನ್ಯಾಸದಲ್ಲಿ ನೀರಿನ ಹರಿವು ಮೊದಲ ಸೂತ್ರವಾಗಿತ್ತು. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು. ಅದರಾಚೆ ತುಸು ಒಣನೆಲದಲ್ಲಿ ದೊಡ್ಡಪತ್ರೆ. ಬಾವಿಕಟ್ಟೆಯ ತಂಪು ನೆರಳಿನಲ್ಲಿ ನೆಲಕ್ಕೆ ಹಬ್ಬುವ ಒಂದೆಲಗ. ಕಾಲುವೆಯಂಚಿನಲ್ಲಿ ಬಿತ್ತದೆಯೇ ಹುಟ್ಟುವ ಗರಗ. ಬಿಸಿಲು ಬೀಳುವ ಕಲ್ಲುನೆಲದಲ್ಲಿ ಲೋಳೆಸರ. ಬೇಲಿಯ ಸಾಲಿಗೆ ಆಡುಸೋಗೆ ಮತ್ತು ಲಕ್ಕಿ. ಇವನ್ನು ದನಕರುಗಳು ಮೇಯುವುದಿಲ್ಲವಾದುದರಿಂದ ಇವು ಬೇಲಿಯೂ ಹೌದು, ಔಷಧಾಲಯವೂ ಹೌದು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಗೂ ಆಡುಸೋಗೆಯು ಒಂದು ಅಪವಾದವೆನ್ನುವಂತೆ ನಿಂತಿದೆ. ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿ, ಅಡುಗೆಮನೆಯ ಬಾಗಿಲಿನಿಂದ ಕೈಗೆ ಎಟುಕುವಷ್ಟು ದೂರದಲ್ಲಿ ಕರಿಬೇವು, ನೆರಳಿನ ಪಾತಿಯಲ್ಲಿ ಶುಂಠಿ ಮತ್ತು ಅರಿಶಿನ, ಮಳೆ ಬಿದ್ದೊಡನೆ ತಾವಾಗಿ ಏಳುವ ತುಂಬೆ ಮತ್ತು ನೆಲನೆಲ್ಲಿ. ಇಷ್ಟಾದರೆ ಒಂದು ಮನೆಯ ನಿತ್ಯದ ಅಗತ್ಯಕ್ಕೆ ಸಾಕು.

ಇಂಥ ತೋಟವನ್ನು ಆರಂಭಿಸಲು ಹೆಚ್ಚಿನ ದ್ರವ್ಯವೂ ಬೇಡ, ಹೆಚ್ಚಿನ ಸ್ಥಳವೂ ಬೇಡ. ಮೃಗಶಿರಾ, ಆರಿದ್ರಾ ಮಳೆಗಳ ಹದ ನೋಡಿ ಅಮೃತಬಳ್ಳಿಯ ಗೇಣುದ್ದದ ತುಂಡನ್ನು ನೆಟ್ಟರೆ ಅದು ಬೇರು ಬಿಡುತ್ತದೆ. ದೊಡ್ಡಪತ್ರೆಯ ಟೊಂಗೆಯೂ ಹಾಗೆಯೇ. ನೀರು ನಿಲ್ಲದಂತೆ ನೋಡಿಕೊಂಡರಾಯಿತು. ಒಂದೆಲಗದ ಹಂಬಿನಲ್ಲಿ ಬೇರಿರುವ ಒಂದು ಗೆಣ್ಣನ್ನು ತಂದಿಟ್ಟರೆ ಅದು ಪಾತಿಯನ್ನೆಲ್ಲ ತುಂಬುತ್ತದೆ. ಲೋಳೆಸರದ ಬುಡದಲ್ಲಿ ಏಳುವ ಮರಿಗಳನ್ನು ಬೇರ್ಪಡಿಸಿ ನೆಡಬೇಕು. ಮಳೆಗಾಲದ ಮುನ್ನ ಊರಿದ ಅರಿಶಿನದ ಗೆಡ್ಡೆ ಎಂಟೊಂಬತ್ತು ತಿಂಗಳಲ್ಲಿ, ಎಲೆಗಳು ಒಣಗಿದ ಮೇಲೆ, ಅಗೆಯಲು ಬರುತ್ತದೆ. ಬಿಲ್ವ ಮಾತ್ರ ತಾಳ್ಮೆಯನ್ನು ಬೇಡುವ ಮರ. ಬೀಜ ಹಾಕಿದವನು ಮುಂದಿನವರಿಗಾಗಿ ಹಾಕಬೇಕು. ಹಿತ್ತಿಲಿಲ್ಲದ ಪಟ್ಟಣದ ಮನೆಯಲ್ಲಿ ಮಾಳಿಗೆಯ ಮೇಲಿನ ಐದಾರು ಕುಂಡಗಳಲ್ಲಿಯೂ ದೊಡ್ಡಪತ್ರೆ, ಒಂದೆಲಗ, ಲೋಳೆಸರ, ಶುಂಠಿಗಳು ಬೆಳೆಯುತ್ತವೆ. ಮದ್ದಿಗೂ ಊಟಕ್ಕೂ ಬಳಸುವ ಈ ಗಿಡಗಳಿಗೆ ಕೀಟನಾಶಕವನ್ನು ಸಿಂಪಡಿಸದಿರುವುದು ಮೊದಲ ನಿಯಮ.

ಬಳಕೆಯ ವಿಷಯದಲ್ಲಿ ಹಿರಿಯರು ಮದ್ದಿಗೂ ಊಟಕ್ಕೂ ನಡುವೆ ದೊಡ್ಡ ಗೋಡೆಯನ್ನು ಕಟ್ಟಲಿಲ್ಲ. ಮಲೆನಾಡು ಕರಾವಳಿಗಳಲ್ಲಿ ಒಂದೆಲಗವನ್ನೂ ದೊಡ್ಡಪತ್ರೆಯನ್ನೂ ಜೀರಿಗೆ ಮೆಣಸುಗಳೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿಯೊಡನೆ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡುತ್ತಾರೆ. ಬಯಲುಸೀಮೆಯಲ್ಲಿ ರೊಟ್ಟಿಯೊಡನೆ ಹೊಲದ ಹಕ್ಕರಕಿಯನ್ನೂ ಮೆಂತ್ಯದ ಎಳೆಸೊಪ್ಪನ್ನೂ ಹಸಿಯಾಗಿಯೇ ತಿನ್ನುತ್ತಾರೆ. ಶುಂಠಿ, ಮೆಣಸು, ಜೀರಿಗೆಗಳ ಕಷಾಯ ನೆಗಡಿಗೆ. ಲಕ್ಕಿಸೊಪ್ಪು ಹಾಕಿ ಕಾಯಿಸಿದ ನೀರಿನ ಹಬೆ ತಲೆಭಾರಕ್ಕೆ. ದೊಡ್ಡಪತ್ರೆಯ ಎಲೆಯನ್ನು ಬಾಡಿಸಿ ಹಿಂಡಿದ ರಸ ಮಕ್ಕಳ ಕೆಮ್ಮಿಗೆ. ಈ ರಸಕ್ಕೆ ಜೇನು ಬೆರೆಸುವ ರೂಢಿಯುಂಟು. ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಬಾರದೆಂಬ ಇಂದಿನ ವೈದ್ಯರ ಎಚ್ಚರಿಕೆಯನ್ನು ತಾಯಂದಿರು ಮರೆಯಬಾರದು. ಆಡುಸೋಗೆಯು ಕೆಮ್ಮಿನ ಮದ್ದೆಂಬ ಹಳೆಯ ನಂಬಿಕೆಗೆ ರಸಾಯನಶಾಸ್ತ್ರದ ಸಮರ್ಥನೆ ದೊರೆತಿದೆ. ಅದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಕ್ಷಾರಾಭವನ್ನು ಆಧರಿಸಿಯೇ ಕಫವನ್ನು ಸಡಿಲಿಸುವ ಬ್ರೋಮ್‌ಹೆಕ್ಸಿನ್ ಎಂಬ ಆಧುನಿಕ ಔಷಧವನ್ನು ರೂಪಿಸಲಾಯಿತು. ಬೇಲಿಯ ಗಿಡ ಪ್ರಯೋಗಶಾಲೆಯವರೆಗೆ ನಡೆದು ಹೋದ ಕಥೆಯಿದು.

ಗುರುತು ತಪ್ಪಿದರೆ

ಗಿಡ ಒಂದು ಕುರುಹು. ಅದರ ಪ್ರಯೋಜನವಿರುವುದು ಅರಿವಿನಲ್ಲಿ. ಅರಿವು ಹೋದ ಮೇಲೆ ಉಳಿದ ಕುರುಹು ಕೆಲವೊಮ್ಮೆ ಅಪಾಯಕ್ಕೂ ದಾರಿಯಾಗುತ್ತದೆ. ಹೆಸರುಗಳ ಗೊಂದಲವನ್ನೇ ನೋಡಬಹುದು. ಕನ್ನಡಿಗರು ಒಂದೆಲಗವನ್ನು ಬ್ರಾಹ್ಮಿ ಎಂದೂ ಕರೆಯುತ್ತಾರೆ. ತುಳುವರು ಅದನ್ನು ತಿಮರೆ ಎನ್ನುತ್ತಾರೆ. ಉತ್ತರ ಭಾರತದ ವೈದ್ಯರಲ್ಲಿ ಬ್ರಾಹ್ಮಿ ಎಂದರೆ ಬಹುಮಟ್ಟಿಗೆ ನಮ್ಮ ನೀರುಬ್ರಾಹ್ಮಿ; ಒಂದೆಲಗವನ್ನು ಅವರು ಮಂಡೂಕಪರ್ಣಿ ಎನ್ನುತ್ತಾರೆ. ಎಲೆಯ ಆಕಾರದಲ್ಲಿಯೂ ಕುಲದಲ್ಲಿಯೂ ಇವೆರಡೂ ಬೇರೆ ಬೇರೆ. ಪುಸ್ತಕವನ್ನು ಓದಿ ಹೆಸರನ್ನು ಮಾತ್ರ ಹಿಡಿದವನು ಇಲ್ಲಿ ಎಡವುತ್ತಾನೆ. ಅಜ್ಜಿಯ ಕೈಹಿಡಿದು ಗಿಡವನ್ನು ಕಂಡವನು ಎಡವುವುದಿಲ್ಲ.

ಈ ಎಚ್ಚರದ ಅಗತ್ಯ ಇತ್ತೀಚಿನ ವರ್ಷಗಳಲ್ಲಿ ಎಲ್ಲರಿಗೂ ಮನದಟ್ಟಾಗುವಂಥ ಪ್ರಸಂಗವೊಂದು ನಡೆಯಿತು. 2020ರಲ್ಲಿ ಕೋವಿಡ್ ಸಾಂಕ್ರಾಮಿಕ ಹಬ್ಬಿದಾಗ ಜನರು ಭಯದಿಂದ ಅಮೃತಬಳ್ಳಿಯ ಕಷಾಯವನ್ನು ದಿನವೂ ಸೇವಿಸತೊಡಗಿದರು. ಹಾಗೆ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಕೇಂದ್ರದ ಆಯುಷ್ ಮಂತ್ರಾಲಯವು ಇದಕ್ಕೆ ಆಕ್ಷೇಪವೆತ್ತಿ, ಸೇವಿಸಿದ ಗಿಡ ಯಾವುದೆಂಬುದನ್ನು ಸರಿಯಾಗಿ ಗುರುತಿಸಿಲ್ಲವೆಂದು ವಾದಿಸಿತು. ಅಮೃತಬಳ್ಳಿಯನ್ನು ಹೋಲುವ, ಕಾಂಡದ ಮೇಲೆ ಗಂಟುಗಂಟಾದ ಉಬ್ಬುಗಳಿರುವ ಇನ್ನೊಂದು ಬಳ್ಳಿಯೂ ಇದೆ. ವಾದದಲ್ಲಿ ಯಾವ ಪಕ್ಷವನ್ನು ಹಿಡಿದರೂ ಹಿತ್ತಿಲಿನವರಿಗೆ ಪಾಠವೊಂದೇ: ಗುರುತು ತಿಳಿಯದ ಬಳ್ಳಿ ಮದ್ದಲ್ಲ; ಮಿತಿ ತಿಳಿಯದ ಸೇವನೆ ಚಿಕಿತ್ಸೆಯಲ್ಲ. ಹಿರಿಯರು ಕಷಾಯವನ್ನು ಮೂರು ದಿನವೋ ಐದು ದಿನವೋ ಎಂದು ಎಣಿಸಿ ಕೊಡುತ್ತಿದ್ದರು. ಆ ಎಣಿಕೆಯೂ ಮದ್ದಿನ ಭಾಗವೇ ಆಗಿತ್ತು. ಗರ್ಭಿಣಿಯರು, ಕೂಸುಗಳು, ದೀರ್ಘರೋಗಕ್ಕೆ ಬೇರೆ ಔಷಧ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಹಿತ್ತಿಲ ಮದ್ದನ್ನು ಮುಟ್ಟಬಾರದು.

ಬರೆದಿಡುವ ಕಾಯಕ

ಅರಿವು ಹೇಗೆ ಉಳಿಯುತ್ತದೆ? ವಚನ ಸಾಹಿತ್ಯದ ಇತಿಹಾಸವೇ ಇದಕ್ಕೆ ಉತ್ತರ ಹೇಳುತ್ತದೆ. ಮನೆಮನೆಯ ಜಗುಲಿಯಲ್ಲಿ, ಮಠಗಳ ಗೂಡುಗಳಲ್ಲಿ ವಚನಗಳ ಓಲೆಕಟ್ಟುಗಳಿದ್ದುವು. ಜನ ಅವನ್ನು ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ಕಡಮೆಯಾಗಿದ್ದರು. ಡಾ. ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ, ಪ್ರತಿ ಮಾಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರ ಆ ಶ್ರಮವಿಲ್ಲದಿದ್ದರೆ ಇಂದು ಓದುತ್ತಿರುವ ಎಷ್ಟೋ ವಚನಗಳು ಗೆದ್ದಲಿನ ಪಾಲಾಗುತ್ತಿದ್ದುವು. ವಚನದ ಕಟ್ಟುಗಳಂತೆ ಮದ್ದಿನ ಕಟ್ಟುಗಳೂ ಮನೆಗಳಲ್ಲಿ, ಮಠಗಳಲ್ಲಿ ಇದ್ದುವು. ಆದರೆ ಅವುಗಳನ್ನು ಮನೆಮನೆಗೆ ಹೋಗಿ ಅರಸುವ ಹಟ ತೊಟ್ಟವರು ಕಡಮೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಓಲೆಗೂ ಏರದ ಗೃಹಿಣಿಯರ ತಿಳಿವಳಿಕೆಯದು. ಚಾವುಂಡರಾಯನೂ ಮಂಗರಾಜನೂ ಬರೆದರು, ಬಸಪ್ಪನಾಯಕನು ಬರೆದನು. ಕೂಸಿನ ಹೊಟ್ಟೆನೋವಿಗೆ ಯಾವ ಬೇರನ್ನು ಎಷ್ಟು ಸುತ್ತು ತೇಯಬೇಕೆಂದು ಬಲ್ಲ ಅಜ್ಜಿ ಬರೆಯಲಿಲ್ಲ. ಆಕೆಯೊಡನೆ ಆ ಗ್ರಂಥವೂ ಮಣ್ಣು ಸೇರಿತು.

ಬರೆದಿಡದಿದ್ದರೆ ಏನಾದೀತೆಂಬುದಕ್ಕೆ ಅರಿಶಿನದ ಪ್ರಕರಣವನ್ನು ನೆನೆಯಬಹುದು. ಗಾಯವನ್ನು ಮಾಯಿಸುವ ಅರಿಶಿನದ ಗುಣಕ್ಕೆ 1995ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಪೇಟೆಂಟ್ ದೊರೆಯಿತು. ಭಾರತದ ಪ್ರತಿ ಅಡುಗೆಮನೆಯೂ ಬಲ್ಲ ಸಂಗತಿ ಅಲ್ಲಿ ಹೊಸ ಶೋಧವೆನಿಸಿತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಅದನ್ನು ಪ್ರಶ್ನಿಸಿ, ಲಿಖಿತ ಆಧಾರಗಳನ್ನು ಮುಂದಿಟ್ಟು, 1997ರಲ್ಲಿ ರದ್ದುಪಡಿಸಿತು. ಇಲ್ಲಿ ಗೆದ್ದದ್ದು ಬರೆದಿಟ್ಟ ಮಾತು. ಆಡಿದ ಮಾತು ಎಷ್ಟು ಸತ್ಯವಾಗಿದ್ದರೂ ನ್ಯಾಯಸ್ಥಾನದಲ್ಲಿ ಅದಕ್ಕೆ ದನಿಯಿರಲಿಲ್ಲ. ಈ ಅನುಭವದಿಂದಲೇ 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಅಂಕೀಯ ಗ್ರಂಥಾಲಯದ ಕಾರ್ಯ ಆರಂಭವಾಯಿತು. 2002ರ ಜೀವವೈವಿಧ್ಯ ಅಧಿನಿಯಮವು ಊರೂರಿನ ಗಿಡಮರಗಳನ್ನೂ ಅವುಗಳ ಬಳಕೆಯನ್ನೂ ದಾಖಲಿಸುವುದಕ್ಕೆ ಅವಕಾಶ ಕಲ್ಪಿಸಿತು. ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನಕ್ಕಾಗಿ 1993ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಪ್ರತಿಷ್ಠಾನವು ಮನೆಯಂಗಳದ ಮೂಲಿಕಾತೋಟಗಳನ್ನು ಹಳ್ಳಿಗಳಲ್ಲಿ ಪ್ರೋತ್ಸಾಹಿಸಿತು. ಇವೆಲ್ಲ ಸ್ತುತ್ಯವಾದ ಪ್ರಯತ್ನಗಳು. ಆದರೆ ಪ್ರತಿ ಮನೆಯ ಒಳಗಿನ ಅರಿವನ್ನು ಹೊರಗಿನವರು ಬಂದು ಬರೆಯಲಾರರು. ಅದು ಮನೆಯವರ ಕೆಲಸ.

ಹಿತ್ತಿಲ ಮದ್ದಿಗೆ ಪರಂಪರೆಯು ಬೆಲೆ ಕಟ್ಟಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ನೆರೆಮನೆಯವರು ನಡುರಾತ್ರಿ ಬಾಗಿಲು ತಟ್ಟಿದರೂ ಒಂದು ಹಿಡಿ ಸೊಪ್ಪನ್ನು ಕಿತ್ತು ಕೊಡುವುದು ರೂಢಿ. ಕೊಟ್ಟವರಿಗೆ ಅದು ದಾನವೆನಿಸುತ್ತಿರಲಿಲ್ಲ, ಪಡೆದವರಿಗೆ ಹಂಗೆನಿಸುತ್ತಿರಲಿಲ್ಲ. ಇದೇ ದಾಸೋಹದ ಸಹಜ ರೂಪ. ಬಳ್ಳಿಗಾವೆಯ ಮಠದಲ್ಲಿ ದಿಕ್ಕಿಲ್ಲದ ರೋಗಿಗೆ ದೊರೆತ ಮದ್ದು, ಬೇಲಿಯ ಮೇಲಿನಿಂದ ಕೈ ಚಾಚಿದ ನೆರೆಯವಳಿಗೆ ದೊರೆತ ದೊಡ್ಡಪತ್ರೆ ಇವೆರಡರ ಹಿಂದೆ ಇರುವ ಧರ್ಮ ಒಂದೇ. ಗಿಡವನ್ನು ಗುರುತಿಸುವುದು ಅರಿವು. ಮಿತಿಯರಿತು ಬಳಸುವುದು ಆಚಾರ. ಕೇಳಿದವರ ಕೈಗೆ ನೀಡುವುದು ದಾಸೋಹ. ಈ ಮೂರೂ ಕೂಡಿದಲ್ಲಿ ಹಿತ್ತಿಲ ಗಿಡ ಮದ್ದಾಗುತ್ತದೆ.

ಮನೆಯಲ್ಲಿ ಇನ್ನೂ ಹಿರಿಯರಿರುವವರು ಈ ಮಳೆಗಾಲದಲ್ಲಿ ಅವರನ್ನು ಹಿತ್ತಿಲಿಗೆ ಕರೆದೊಯ್ದು, ಅವರು ಬೊಟ್ಟುಮಾಡಿ ತೋರಿಸಿದ ಒಂದೊಂದು ಗಿಡದ ಹೆಸರು, ಗುರುತು, ಬಳಕೆ, ಮಿತಿಗಳನ್ನು ಒಂದು ಹೊತ್ತಗೆಯಲ್ಲಿ ಬರೆದಿಡಲಿ. ಆ ಬಳಿಕ ಒಂದು ಗಿಡವನ್ನು ನೆಡಲಿ. ಗಿಡವನ್ನು ಮರುವರ್ಷವೂ ನೆಡಬಹುದು; ಹೇಳುವವರು ಮರುವರ್ಷ ಇರುವರೆಂಬ ಭರವಸೆಯಿಲ್ಲ.